ಫ್ಲೂಯೆಲಾ ಘಾಟಿಯಲ್ಲಿ ರಸ್ತೆಗಡ್ಡ ಮಲಗಿದ ವಿಯೋಲಾ ಅವರಿಗೆ

ಮಾನ್ಯರೇ,

ತಮ್ಮ ಕೊರಳಿನ ದೊಡ್ಡ ಗಂಟೆಗೂ ಅದನ್ನು ಹೊರುವ ಗಾಂಭೀರ್ಯಕ್ಕೂ ಮೊದಲು ನನ್ನ ವಂದನೆಗಳು. ಹಿಂಡಿನ ಮುಂದಾಳು ಹಸುವಾಗಿ ಹುಲ್ಲು, ನೀರು, ವಿಶ್ರಾಂತಿಯ ಬಗ್ಗೆ ತಾವು ಕೈಗೊಳ್ಳುವ ತೀರ್ಮಾನಗಳನ್ನು ಪ್ರಶ್ನಿಸುವಷ್ಟು ದೊಡ್ಡವನು ನಾನಲ್ಲ. ನನ್ನ ದೂರು ಸೆಪ್ಟೆಂಬರಿನ ಆ ಒಂದು ಭಾನುವಾರದ ಬಗ್ಗೆ ಮಾತ್ರ.

ತೀಫೆನ್‌ಕಾಸ್ಟೆಲ್‌ನ ನಮ್ಮ ಮನೆಯಿಂದ ದಾವೋಸ್‌ನಲ್ಲಿರುವ ಅತ್ತಿಗೆ ಲದೀನಾ ಅವರ ಮನೆಗೆ ಕಣಿವೆಯ ರಸ್ತೆಯಲ್ಲಿ ಹೆಚ್ಚೂಕಡಿಮೆ ಅರ್ಧ ಗಂಟೆ. ಆದರೆ ತನ್ನ ಈ ಅಕ್ಕನ ಬಾರ್ಲಿ ಸೂಪ್ ತೆಳ್ಳಗಿದೆ ಎಂದು ನಾಮಕರಣದ ಊಟವೊಂದರಲ್ಲಿ ಎಲ್ಲರೆದುರು ಹೇಳಿ, ಅಂದಿನಿಂದ ಮಾತು ಬಿಟ್ಟಿದ್ದ ನನ್ನ ಹೆಂಡತಿ ಮೆಂಗಾಳಿಗೆ ರಾಜಿಯ ಮನಸ್ಸು ಮಾಡಿಕೊಳ್ಳಲು ಅಷ್ಟು ದಾರಿ ಸಾಲದು. ಹಾಗಾಗಿ ವರ್ಷಕ್ಕೊಮ್ಮೆ ಅತ್ತಿಗೆ ಊಟಕ್ಕೆ ಕರೆದಾಗ ಯೂಲಿಯರ್ ಘಾಟಿ ಹತ್ತಿಳಿದು, ಸುತ್ತು ಬಳಸಿ, ಆಚೆ ಬದಿಯಿಂದ ದಾವೋಸ್‌ಗೆ ಇಳಿಯುವ ಫ್ಲೂಯೆಲಾ ಹತ್ತುತ್ತಿದ್ದೆವು. ನೆತ್ತಿಯ ಕೆರೆಯ ಬಳಿ ಅವಳು "ತಿರುಗಿಸ್ರೀ ಗಾಡಿ" ಎನ್ನುತ್ತಿದ್ದಳು. ಆಲ್ಬುಲಾ ಘಾಟಿ ದಾಟಿ ಮನೆಗೆ ಮರಳುತ್ತಿದ್ದೆವು. ಅತ್ತಿಗೆಗೆ ನಾನು ಒಂದು ವರ್ಷ ಮಂಜು, ಇನ್ನೊಂದು ವರ್ಷ ಪಂಕ್ಚರ್, ಮತ್ತೊಂದು ವರ್ಷ ಸೊಂಟನೋವು ಎಂದು ಫೋನಿನಲ್ಲಿ ಹೇಳಿದ್ದೆ. "ಈ ಸಲ ಬರ್ದಿದ್ರೆ ಇನ್ನು ಕರೆಯೋದೇ ಇಲ್ಲ" ಎಂದಿದ್ದರು ಅವರು.

ಈ ಸಲವೂ ಮೆಂಗಾ "ತಿರುಗಿಸ್ರೀ" ಎಂದಳು. ತಿರುಗಿಸುವಷ್ಟರಲ್ಲಿ ತಾವು ನಮ್ಮ ಹಿಂದೆ ರಸ್ತೆಗಡ್ಡ ಮಲಗಿ ಮೆಲುಕು ಹಾಕತೊಡಗಿದಿರಿ. ಮುಂದಿನ ದಾರಿಯನ್ನು ತಮ್ಮ ಬಳಗ ಹಿಡಿದಿತ್ತು. ತಮ್ಮ ದನಗಾಹಿ ಕುರ್ದಿನ್, "ಅವಳಾಗೇ ಏಳ್ಬೇಕು ಯಜಮಾನ್ರೇ. ನಂಗೇ ಹೆದರಲ್ಲ, ನಿಮ್ಗೆ ಹೆದರ್ತಾಳಾ?" ಎಂದು ಕಲ್ಲಿನ ಮೇಲೆ ಕೂತು ಪೈಪ್ ಹಚ್ಚಿದ.

ಅತ್ತಿಗೆಗೆ ಫೋನ್ ಮಾಡಿ, ಮೊದಲ ಬಾರಿಗೆ ನಿಜ ಹೇಳಿದೆ.

"ಹಸುವಂತೆ! ನೆಪ ಹೇಳೋಕೂ ಒಂದು ಮರ್ಯಾದೆ ಬೇಡ್ವಾ? ಅಲ್ಲೇ ಇರಿ, ಬಂದೇ ನೋಡ್ತೀನಿ" ಎಂದರು. ಹನ್ನೆರಡಕ್ಕೆ ಬಡಿಸಬೇಕಾದ ಸೂಪನ್ನು ಬಿಟ್ಟು ಬರಲಾರದೆ ಪಾತ್ರೆ ಸಮೇತ ಘಾಟಿ ಹತ್ತಿ ಬಂದರು. ತಮ್ಮ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಅಯ್ಯೋ, ನಿಜವಾಗ್ಲೂ ಹಸುನೇ!" ಎಂದರು.

ಮೆಂಗಾ ಕಿಟಕಿ ಇಳಿಸಿ, "ಇವತ್ತಾದ್ರೂ ಗಟ್ಟಿ ಮಾಡಿದ್ದೀಯೇನೇ ಅಕ್ಕಾ?" ಎಂದು ಕೇಳಿದಳು.

"ಮೊದ್ಲು ತಿನ್ನು, ಆಮೇಲೆ ಬಾಯಿ ಬಿಡು."

ಕಾರಿನ ಬಾನೆಟ್ಟಿನ ಮೇಲೆ ಪಾತ್ರೆಯಿಟ್ಟು ಇಬ್ಬರೂ ತಿಂದರು, ಅತ್ತರು, ಮೂಗೊರೆಸಿಕೊಂಡರು, ಕೊನೆಗೆ ನನ್ನ ಡ್ರೈವಿಂಗ್ ಸರಿಯಿಲ್ಲ ಎಂಬ ವಿಷಯದಲ್ಲಿ ಒಮ್ಮತಕ್ಕೆ ಬಂದರು. ಆಗ ತಾವು ಎದ್ದು, ಸಭೆ ಮುಗಿಸಿದ ಅಧ್ಯಕ್ಷರಂತೆ ನಡೆದುಹೋದಿರಿ.

ನಮ್ಮ ಪಾದ್ರಿಗಳಿಂದಲೂ ಆಗದ ಕೆಲಸವನ್ನು ತಾವು ಮಲಗಿಕೊಂಡೇ ಮಾಡಿದಿರಿ, ನಿಜ. ಆದರೆ ಪರಿಣಾಮ ನೋಡಿ: ಈಗ ಪ್ರತಿ ಭಾನುವಾರ ಅಕ್ಕನ ಮನೆ, ಅದೂ ಕಣಿವೆಯ ರಸ್ತೆಯಲ್ಲಿ. ಸುರಂಗದ ಗೋಡೆ, ಮುಂದಿನ ಕಾರಿನ ನಂಬರ್ ಪ್ಲೇಟು, ಅಷ್ಟೇ ದೃಶ್ಯ. "ಘಾಟಿ ಮೇಲೆ ಹೋಗೋಣ್ವಾ?" ಎಂದರೆ, "ಯಾಕ್ರೀ ಸುಮ್ನೆ ಸುತ್ತೋದು?" ಎನ್ನುತ್ತಾಳೆ ಮೆಂಗಾ. ವರ್ಷಕ್ಕೊಂದೇ ದಿನವಾದರೂ ಹಳದಿಗೆ ತಿರುಗತೊಡಗಿದ ಲಾರ್ಚ್ ಮರಗಳೂ ಮೂರು ಘಾಟಿಗಳ ತಿರುವುಗಳೂ ನನ್ನವಾಗಿದ್ದವು.

ಆದ್ದರಿಂದ ನನ್ನ ವಿನಂತಿ ಇಷ್ಟೇ: ಹಿಮ ಬೀಳುವ ಮುಂಚೆ ತಾವು ಹೇಗೂ ಕೆಳಗಿಳಿಯುತ್ತೀರಿ. ಒಂದು ಭಾನುವಾರ ಬೆಳಿಗ್ಗೆ ಬಳಗ ಸಮೇತ ಆ ಸುರಂಗದ ಬಾಯಿಗೆ ದಯಮಾಡಿಸಿ, ಸಂಜೆಯವರೆಗೆ ಮಲಗಿರಿ. ಎಬ್ಬಿಸಲು ಬಂದವರನ್ನು ನಾನೇ ನಿಂತು ತಡೆಯುತ್ತೇನೆ.

ತಮ್ಮ ವಿಶ್ವಾಸಿ,
ಗೌದೆಂಜ್ ಕಮೆನಿಷ್

ತಾ.ಕ.: ಕುರ್ದಿನ್ ತಮ್ಮ ಹಾಲಿನ ಚೀಸ್ ಕಳಿಸಿಕೊಟ್ಟಿದ್ದ. ರುಚಿ ನೋಡಿದೆ. ತಾವು ರಸ್ತೆಯ ಕೆಲಸದಲ್ಲೇ ಮುಂದುವರಿಯುವುದು ಒಳ್ಳೆಯದು.