ಕ್ರೆಡಿಟ್ ಕಾರ್ಡಿಗೊಂದು ಲ್ಯಾಮಿನೇಶನ್

ಬೀದಿಯವರೆಲ್ಲ ಅವರನ್ನು ಸಾಹುಕಾರರು ಎಂದೇ ಕರೆಯುತ್ತಿದ್ದರು. ಜೆರಾಕ್ಸ್ ಮತ್ತು ಲ್ಯಾಮಿನೇಶನ್ ಅಂಗಡಿ ಭರ್ಜರಿಯಾಗಿ ನಡೆಯುತ್ತಿದ್ದ ಕಾಲದಲ್ಲಿ ಬಿದ್ದ ಹೆಸರು ಅದು. ಆಮೇಲೆ ಸಾಹುಕಾರರು ಐದು ಕ್ರೆಡಿಟ್ ಕಾರ್ಡುಗಳನ್ನು ಉಜ್ಜಿ ಉಜ್ಜಿ ಆರು ಹೊಸ ಯಂತ್ರ ತಂದರು. ಗಿರಾಕಿಗಳು ಮಾತ್ರ ಮೊದಲಿನಷ್ಟೇ ಇದ್ದರು. ಕೋರ್ಟು ಅವರನ್ನು ಶಾಸ್ತ್ರೋಕ್ತವಾಗಿ ದಿವಾಳಿ ಎಂದು ಸಾರಿತು. ಅಂಗಡಿ ಹೋಯಿತು, ಸ್ಕೂಟರ್ ಹೋಯಿತು. ಉಳಿದದ್ದು ಮಂಚದ ಕೆಳಗಿನ ಹಳೇ ಲ್ಯಾಮಿನೇಶನ್ ಯಂತ್ರ (ಜಪ್ತಿಗೆ ಬಂದವರು ಅದನ್ನು ಕೆಟ್ಟುಹೋದ ಇಸ್ತ್ರಿಪೆಟ್ಟಿಗೆ ಅಂದುಕೊಂಡರು) ಮತ್ತು ಆ ಹೆಸರು. ಹೆಸರನ್ನು ಜಪ್ತಿ ಮಾಡಲು ಯಾರಿಗೂ ತೋಚಲಿಲ್ಲ.

ಐದೂ ಕಾರ್ಡುಗಳನ್ನು ಹೆಂಡತಿಯೇ ಅಡುಗೆಮನೆಯ ಕತ್ತರಿಯಿಂದ ಚೂರು ಚೂರು ಮಾಡಿದ್ದಳು. ಅವಳ ಅಣ್ಣ, ಅಂದರೆ ಭಾವ, ಅಂದಿನಿಂದ ಹೋಟೆಲಿಗೆ ಹೋದಾಗಲೆಲ್ಲ ಬಿಲ್ಲಿಗೆ ತಾನೇ ಕೈಹಾಕುತ್ತಿದ್ದ. ಹಾಕುವಾಗ, "ಪಾಪ, ನೀವೆಲ್ಲಿ ಕೊಡ್ತೀರಿ ಬಿಡಿ ಸಾಹುಕಾರ್ರೇ" ಎಂದು ಪಕ್ಕದ ಮೇಜಿಗೂ ಕೇಳಿಸುವ ಹಾಗೆ ಹೇಳುತ್ತಿದ್ದ. ಆ 'ಪಾಪ' ನಾಲ್ಕು ವರ್ಷವಾದರೂ ಸಾಹುಕಾರರಿಗೆ ಜೀರ್ಣವಾಗಿರಲಿಲ್ಲ. ಭಾವನ ಎದುರು ಒಂದೇ ಒಂದು ಬಿಲ್ಲನ್ನು ತಾವು ಕಾರ್ಡು ಹಾಕಿ ಕಟ್ಟಬೇಕು. ಬಾಳಿನಲ್ಲಿ ಉಳಿದಿದ್ದ ಆಸೆ ಅಷ್ಟೇ.

ಕೊನೆಗೆ ಬ್ಯಾಂಕಿನ ಮೇಡಂ ದಾರಿ ತೋರಿಸಿದರು. ಠೇವಣಿ ಇಟ್ಟರೆ ಅಷ್ಟೇ ಮೊತ್ತದ ಕಾರ್ಡು ಸಿಗುತ್ತದಂತೆ.

"ಅಂದ್ರೆ, ನನ್ನ ದುಡ್ಡು ನಿಮ್ಮ ಹತ್ರ ಇಟ್ಟು, ಅದನ್ನೇ ನಾನು ನಿಮ್ಮಿಂದ ಸಾಲ ತಗೊಳ್ಳೋದಾ?"

"ಹೌದು ಸರ್. ಸ್ವಲ್ಪ ಸ್ವಲ್ಪ ಬಳಸಿ, ತಪ್ಪದೆ ಕಟ್ಟಿ. ಜೋಪಾನ, ಇದು ನಿಮಗೆ ಎರಡನೇ ಅವಕಾಶ."

ಸಾಹುಕಾರರಿಗೆ ಕಣ್ಣು ತುಂಬಿ ಬಂತು. ಜೋಪಾನ ಮಾಡುವುದರಲ್ಲಿ ಅವರನ್ನು ಮೀರಿಸುವವರುಂಟೆ? ಮದುವೆಯ ಕರೆಯೋಲೆ, ಮಗಳ ಮೊದಲ ಚಿತ್ರ, ಅಷ್ಟೇಕೆ, ತಮ್ಮದೇ ದಿವಾಳಿಯ ಆದೇಶವನ್ನೂ ಅವರು ಲ್ಯಾಮಿನೇಶನ್ ಮಾಡಿಟ್ಟಿದ್ದರು.

ಕಾರ್ಡು ಮನೆಗೆ ಬಂದಾಗ ಹೆಂಡತಿ ಹೌಹಾರಿದಳು. "ಮತ್ತೆ ಬಂತಾ ಈ ಪೀಡೆ? ನನ್ನ ಕತ್ತರಿ ಎಲ್ಲಿ?"

"ಮುಟ್ಟಬೇಡ ಕಣೇ! ಇದು ನನ್ನ ಮಾನ!"

ಮಾನಕ್ಕೆ ಗೀರು ಬೀಳಬಾರದಲ್ಲ. ಸಾಹುಕಾರರು ಮಂಚದ ಕೆಳಗಿನಿಂದ ಯಂತ್ರ ಎಳೆದು, ಧೂಳು ಒರೆಸಿ, ಹದವಾಗಿ ಕಾಯಿಸಿ, ಕಾರ್ಡನ್ನು ಎರಡೆರಡು ಸಲ ಹಾಯಿಸಿದರು. ಅದು ಕನ್ನಡಿಯ ಹಾಗೆ ಹೊಳೆಯಿತು. ಸ್ವಲ್ಪ ದೋಣಿಯ ಹಾಗೆ ಬಾಗಿತ್ತು, ಅದು ಬೇರೆ ಮಾತು.

ಭಾನುವಾರ ಹೆಂಡತಿಯನ್ನೂ ಭಾವನನ್ನೂ ಹೋಟೆಲಿಗೆ ಊಟಕ್ಕೆ ಕರೆದೊಯ್ದರು. ಬಿಲ್ಲು ಬಂತು. ಭಾವನ ಕೈ ಅಭ್ಯಾಸಬಲದಿಂದ ಜೇಬಿಗೆ ಹೋಯಿತು.

"ತಡೀರಿ ಭಾವ" ಎಂದು ಸಾಹುಕಾರರು ಎದ್ದು ನಿಂತು ಕಾರ್ಡು ಚಾಚಿದರು.

ಮಾಣಿ ಅದನ್ನು ಯಂತ್ರಕ್ಕೆ ತೂರಿಸಲು ಹೋದ. ಹೋಗಲಿಲ್ಲ. ತಿರುಗಿಸಿದ, ಉಜ್ಜಿದ, ಮೇಲಿಟ್ಟ, ಊದಿದ. ಯಂತ್ರ ತುಟಿ ಪಿಟಕ್ಕೆನ್ನಲಿಲ್ಲ. ಸಾಹುಕಾರರು ಹೊದಿಕೆ ಕೀಳಲು ಉಗುರು ಹಾಕಿದರು, ಹಲ್ಲು ಹಾಕಿದರು. ಅವರದೇ ಕೈಕೆಲಸ, ಬಿಟ್ಟುಕೊಟ್ಟೀತೆ?

ಗಲ್ಲಾಪೆಟ್ಟಿಗೆಯವನು ಎದ್ದು ಬಂದು ಕಾರ್ಡನ್ನು ಬೆಳಕಿಗೆ ಹಿಡಿದ. "ಒಂದು ಗುಳ್ಳೆ ಇಲ್ವಲ್ರೀ! ಯಾರು ಮಾಡಿದ್ದು?"

"ನಾನೇ" ಎಂದುಬಿಟ್ಟರು ಸಾಹುಕಾರರು, ತಡೆಯಲಾಗದೆ.

ಭಾವನೇ ಬಿಲ್ಲು ಕಟ್ಟಿದ. ಈ ಸಲ 'ಪಾಪ' ಎನ್ನಲಿಲ್ಲ. ನಗು ಬಿಟ್ಟಿದ್ದರೆ ತಾನೆ ಅನ್ನುವುದು? ಹೆಂಡತಿಯೂ ಬಿದ್ದು ಬಿದ್ದು ನಕ್ಕಳು. ದಿವಾಳಿಯಾದ ಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು. ಸಾಹುಕಾರರಿಗೆ ಭೂಮಿ ಬಾಯಿಬಿಟ್ಟರೆ ಸಾಕೆನ್ನಿಸಿತ್ತು.

ಬ್ಯಾಂಕಿಗೆ ಹೋಗಿ ಕೈಕಾಲು ಹಿಡಿದ ಮೇಲೆ, ಹತ್ತು ದಿನಕ್ಕೆ ಇನ್ನೊಂದು ಕಾರ್ಡು ಬರುವುದೆಂದಾಯಿತು. ಸಾಹುಕಾರರು ಬಾಗಿಲಲ್ಲೇ ಕಾದರು. ಅವರು ಸ್ನಾನಕ್ಕೆ ಹೋದ ಐದು ನಿಮಿಷದಲ್ಲೇ ಅಂಚೆಯವನು ಬಂದು ಹೋಗಿದ್ದ.

ತಲೆ ಒರೆಸುತ್ತ ಹೊರಬಂದರೆ, ಹೆಂಡತಿ ನೆಲದ ಮೇಲೆ ಕೂತಿದ್ದಳು. ಎದುರಿಗೆ ಯಂತ್ರ. ಅದರ ದೀಪ ಉರಿಯುತ್ತಿತ್ತು.

"ಏನೇ ಮಾಡ್ದೆ!"

"ಕತ್ತರಿ ಮುಟ್ಟಲಿಲ್ಲಪ್ಪ. ನೀವು ಮಾಡಿದ ಹಾಗೇ ಜೋಪಾನ ಮಾಡ್ದೆ. ಇದೊಂದು ಹೀಗಿದ್ರೆ ನನಗೂ ಕಣ್ತುಂಬ ನಿದ್ದೆ ಬರುತ್ತೆ" ಎಂದು ಅವಳು ಬಿಸಿ ಬಿಸಿ ಕಾರ್ಡನ್ನು ಅವರ ಕೈಗಿಟ್ಟಳು. "ಆದ್ರೆ ನಿಮ್ಮಷ್ಟು ಚೆನ್ನಾಗಿ ಬರ್ಲಿಲ್ಲ ನೋಡ್ರೀ."

ಸಾಹುಕಾರರು ಬೈಯಲು ಬಾಯಿ ತೆರೆದರು. ಅಷ್ಟರಲ್ಲಿ ಕಣ್ಣು ಕಾರ್ಡಿನ ಮೇಲೆ ಬಿತ್ತು. ಒಂದಲ್ಲ, ಎರಡಲ್ಲ, ಮೂರು ಗುಳ್ಳೆ! ಒಂದು ಅಂಚು ಅಂಟಿಯೇ ಇರಲಿಲ್ಲ.

"ಕಾಯೋ ಮೊದಲೇ ಹಾಕಿದ್ದೀಯಲ್ಲೇ! ಸರಿ ಆಚೆ" ಎಂದು ಅವರು ಯಂತ್ರದ ಮುಂದೆ ಕೂತರು. ಹದ ನೋಡಿ, ಅಂಚು ಸರಿಮಾಡಿ, ಕಾರ್ಡನ್ನು ಮೆಲ್ಲಗೆ ಒಳಗೆ ತಳ್ಳಿದರು.

ಈ ಸಲ ಒಂದೂ ಗುಳ್ಳೆ ಇರಲಿಲ್ಲ.