ಮೆಟ್ಟಿಲ ಕೆಳಗಿನ ಗೌಡರು

ಕಿರಾಣಿ ಚೀಟಿಯಿಂದ ಒಂದು ಸಾಬೂನಿನ ಹೆಸರು ಹೊಡೆದುಹಾಕಬೇಕಾದರೂ ಹೆಂಡತಿಯ ಒಪ್ಪಿಗೆ ಕೇಳುವ ಮನುಷ್ಯ ನಾನು. ಅಂಥವನ ಕೈಗೆ ಕೆಂಪು ಪೆನ್ನು ಕೊಡಬಾರದಿತ್ತು.

ಕಾರವಾರದ ಪೇಟೆ ನಡುವಿನ ನಮ್ಮ ಹಳೆಯ ಕಚೇರಿ ಕಟ್ಟಡವನ್ನು ಕೆಡವಿ, ಕೆಳಗೆ ಅಂಗಡಿ, ನಡುವೆ ಆಫೀಸು, ಮೇಲೆ ವಾಸದ ಫ್ಲಾಟು ಇರುವ ಹೊಸ ಕಟ್ಟಡ ಎಬ್ಬಿಸುವುದೆಂದು ತೀರ್ಮಾನವಾಗಿತ್ತು. ಯಾರೂ ತಕರಾರು ತೆಗೆಯಲಿಲ್ಲ. ಗಾರೆ ಉದುರುತ್ತಿದ್ದುದರಿಂದ ಮಳೆಗಾಲದಲ್ಲಿ ನಾನು ಹೆಲ್ಮೆಟ್ ಹಾಕಿಕೊಂಡೇ ಫೈಲು ನೋಡುತ್ತಿದ್ದೆ. ಹೊಸದರಲ್ಲಿ ಯಾರಿಗೆಲ್ಲ ಜಾಗ ಕೊಡಬೇಕೆಂಬ ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ಕೊನೆಯಲ್ಲಿ ಗಣಪತಿ ಗೌಡರ ಹೆಸರು ಬರೆದೆ. ನಮ್ಮ ಕಚೇರಿಯ ಮೆಟ್ಟಿಲ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದವರು. ತಮ್ಮೂರು ಚೆಂಡಿಯಾದ ಗದ್ದೆಗಳನ್ನು ನೌಕಾನೆಲೆ ಕಟ್ಟಲು ಸರ್ಕಾರ ತೆಗೆದುಕೊಂಡಾಗ ಊರವರ ಪರಿಹಾರದ ಅರ್ಜಿ ಬರೆಯಲು ಬಂದವರು, ಮತ್ತೆ ಅಲ್ಲಿಂದ ಏಳಲೇ ಇಲ್ಲ.

ನಮ್ಮ ಮೇಲಧಿಕಾರಿ ಪಟ್ಟಿ ನೋಡಿ, “ಇದ್ಯಾರು? ಬಾಡಿಗೆ ಕರಾರುಪತ್ರ ಉಂಟಾ?” ಎಂದರು. ಇಲ್ಲವೆಂದೆ. ಅವರು ಕನ್ನಡಕ ಒರೆಸಿಕೊಂಡರು. ನನ್ನ ಬಡ್ತಿಯ ಕಡತ ಅವರ ಮೇಜಿನ ಮೇಲಿತ್ತು. “ಹೊಡೆದು ಹಾಕಲಾ ಸರ್?” ಎಂದು ನಾನಾಗಿಯೇ ಕೇಳಿ, ಆ ಹೆಸರಿನ ಮೇಲೆ ಕೆಂಪು ಗೆರೆ ಎಳೆದೆ.

ಗೌಡರು ದಿನಾ ವಿಚಾರಿಸುತ್ತಿದ್ದರು: “ನಾಯ್ಕರೆ, ನನ್ ಹೆಸ್ರು ಬಂತ್ರಾ?”

“ನೋಡ್ವಾ ಗೌಡ್ರೆ, ನಾ ಹೇಳ್ತಾನೇ ಇದ್ದೇನೆ, ಮೇಲಿಂದ ಬರ್ಬೇಕು” ಎನ್ನುತ್ತಿದ್ದೆ. ಮೇಲಿಂದ ಬರುತ್ತಿದ್ದುದು ಗಾರೆ ಮಾತ್ರ.

ಕಟ್ಟಡ ಖಾಲಿ ಮಾಡುವ ದಿನ ಅವರು ಅಂಕೋಲೆಯ ಮಗಳ ಮನೆಗೆ ಹೊರಟರು. ಟೈಪ್‌ರೈಟರನ್ನು ರಿಕ್ಷಾಕ್ಕೆ ಏರಿಸಲು ನಾನೂ ಒಂದು ಕೈ ಹಿಡಿದೆ. ನೋಡಿದವರೆಲ್ಲ ನನ್ನನ್ನು ಹೊಗಳಿದರು.

ಈಗ ಹೊಸ ಕಟ್ಟಡದಲ್ಲಿ ನನಗೆ ಬಡ್ತಿಯೂ ಸಿಕ್ಕಿದೆ, ಸಮುದ್ರ ಕಾಣುವ ಕಿಟಕಿಯೂ ಸಿಕ್ಕಿದೆ. ಕಳೆದ ತಿಂಗಳು ಅಂಕೋಲೆಗೆ ಒಂದು ಮದುವೆಗೆ ಹೋದವನು, ನಿಜ ಹೇಳಿಬಿಡೋಣವೆಂದು ಗೌಡರ ಮನೆಗೆ ಹೋದೆ. ಅವರ ಬಲಗೈಗೆ ಲಕ್ವ ಹೊಡೆದಿತ್ತು. ಜಗಲಿಯಲ್ಲಿ ಕುಳಿತು ಎಡಗೈಯಿಂದ ಅದನ್ನು ತಿಕ್ಕಿಕೊಳ್ಳುತ್ತಿದ್ದರು.

“ಅಲ್ಲೇ ಕೂತ್ಕಂಡಿದ್ರೆ ಈ ಕೈ ಹೋಗ್ತಿರ್ಲಿಲ್ಲ ಏನೋ. ದಿನಾ ಓಡ್ತಿತ್ತಲ್ರಾ” ಎಂದರು.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಒಳಗೆ ಕೂಗಿದರು: “ಮಗಾ, ಬಾ ಇಲ್ಲಿ. ನನ್ ಸಲುವಾಗಿ ದೊಡ್ಡವ್ರ ಹತ್ರ ಜಗಳ ಮಾಡಿದ ನಾಯ್ಕರು ಇವ್ರೇ. ಚಾ ಮಾಡು.”

ಮಗಳು ಚಹಾದ ಜೊತೆ ಚಕ್ಕುಲಿ ತಂದಿಟ್ಟು ನನಗೆ ಕೈ ಮುಗಿದಳು. ತೆರೆದ ಬಾಯಿಗೆ ಏನಾದರೂ ಕೆಲಸ ಬೇಕಿತ್ತು. ಚಕ್ಕುಲಿ ಗರಿಗರಿಯಾಗಿತ್ತು, ಮೂರು ತಿಂದೆ.