ಕೆಸರುಗಾಡಿಯೂ ಸಂಶಯದ ಮಂದಿಯೂ

ಹೊಸ ಗಾಡಿ ಕೊಂಡವನನ್ನು ಮಂದಿ ಹೊಟ್ಟೆಕಿಚ್ಚಿನಿಂದ ನೋಡುತ್ತಾರೆ, ಹಳೇ ಗಾಡಿ ಕೊಂಡವನನ್ನು ಸಂಶಯದಿಂದ ನೋಡುತ್ತಾರೆ. ನಾಲ್ಕು ತಾಲೂಕು ತಿರುಗಿದರೂ ನನಗೆ ಇದಕ್ಕೆ ಹೊರತಾದವರು ಒಬ್ಬರೂ ಸಿಗಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನಾಗ ಹಾನಗಲ್ಲಿನ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಮದುವೆಯಾಗಿರಲಿಲ್ಲ. ಎಲೆ ಅಡಿಕೆ ಇಲ್ಲ, ಇಸ್ಪೀಟು ಇಲ್ಲ. ಇದ್ದ ಹುಚ್ಚು ಒಂದೇ. ಪುಣೆಯಲ್ಲಿ ಕಲಿಯುವಾಗ ಒಮ್ಮೆ ಮೋಟೋಕ್ರಾಸ್ ಪಂದ್ಯ ನೋಡಿದ್ದೆ. ಕೆಸರು, ದಿಬ್ಬ, ತಗ್ಗು ಯಾವುದನ್ನೂ ಲೆಕ್ಕಿಸದೆ ಹಾರಿ ಹೋಗುವ ಆ ಬೈಕುಗಳು ನನ್ನ ತಲೆಯೊಳಗೆ ಹೊಕ್ಕು ಕೂತುಬಿಟ್ಟಿದ್ದವು. ಹಳೆಯದಾದರೂ ಸರಿ, ಮುರಿದದ್ದಾದರೂ ಸರಿ, ಅಂಥದ್ದೊಂದು ನನ್ನದಾಗಬೇಕು ಅನ್ನುವುದು ಆಸೆ.

ಕರಾರುಪತ್ರ

ತಿಳವಳ್ಳಿಯ ಒಬ್ಬ ರೈತನ ದನದ ಕೊಟ್ಟಿಗೆಯಲ್ಲಿ ಅಂಥ ಗಾಡಿ ಇದೆಯೆಂದು ಸುದ್ದಿ ಬಂತು. ಎಂದೋ ಈ ಕಡೆ ಬಂದಿದ್ದ ಪರದೇಶಿ ಸಾಹೇಬನೊಬ್ಬ ಅದನ್ನು ಆ ರೈತನ ಅಪ್ಪನಿಗೆ ಬರೆದುಕೊಟ್ಟು ಹೋಗಿದ್ದನಂತೆ. ಹೋಗಿ ನೋಡಿದೆ. ಮೇಲೆ ಕೋಳಿ ಕೂತಿದ್ದವು, ಕೆಳಗೆ ಸಗಣಿ. ಆದರೂ ಗುರುತು ಸಿಕ್ಕಿತು. ಎತ್ತರದ ಹ್ಯಾಂಡಲ್ಲು, ಹಾಗಲಕಾಯಿಯ ಹಾಗೆ ಗಂಟುಗಂಟಾದ ಟಾಯರು, ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಒಂದು ಬೆಕ್ಕು ಮಲಗುವಷ್ಟು ಜಾಗ. ನನ್ನ ಕಣ್ಣಲ್ಲಿ ನೀರು ಬಂತು.

ಅದೇ ತಪ್ಪಾಯಿತು. ರೈತ ನನ್ನ ಕಣ್ಣು ನೋಡಿದ.

"ಮಾಸ್ತರ, ಈ ತುಕ್ಕ ಹಿಡದ ಕಬ್ಬಣಾ ನೋಡಿ ಅಳಾಕತ್ತೀರಲ್ಲ, ಇದರಾಗ ಏನರ ಐತೇನು?"

"ಏನಿಲ್ಲರಿ, ಚಂದ ಐತಿ, ಅದಕ್ಕ."

"ಚಂದ ಐತಿ ಅಂತ ಯಾರೂ ಅಳಂಗಿಲ್ಲ." ಅವನು ಟ್ಯಾಂಕಿಗೆ ಬೆರಳಿನಿಂದ ಬಡಿದು ಕಿವಿಗೊಟ್ಟ. ಒಳಗೆ ಏನೋ ಸರಕ್ಕೆಂದಿತು. ಮುಚ್ಚಳ ತುಕ್ಕು ಹಿಡಿದು ಬಿಚ್ಚಲು ಬಾರದಂತಾಗಿತ್ತು. "ಸಾಹೇಬ ಬಂಗಾರ ಬಚ್ಚಿಟ್ಟಾನ. ಗಾಡಿ ಒಯ್ರಿ, ಆದ್ರ ಒಳಗ ಸಿಕ್ಕದ್ದರಾಗ ಅರ್ಧಾ ನನ್ನದು ಅಂತ ಬರದು ಕೊಡ್ರಿ."

ಬರೆದುಕೊಟ್ಟೆ. ಗಾಡಿಯನ್ನು ಚಕ್ಕಡಿಯಲ್ಲಿ ಹಾಕಿ, ಮುಂದೆ ಲಾರಿಯಲ್ಲಿ ಹೇರಿ ಸವಣೂರಿಗೆ ಸಾಗಿಸಿದೆ. ಅಲ್ಲಿ ನನಗೆ ಗೊತ್ತಿದ್ದ ಮುದುಕ ಮೆಕ್ಯಾನಿಕ್ ಒಬ್ಬರಿದ್ದರು. ಎಲ್ಲರೂ ಉಸ್ತಾದ್ ಅನ್ನುತ್ತಿದ್ದರು. ಉಸ್ತಾದರು ಮುಚ್ಚಳ ಕೊರೆದು ತೆಗೆದಾಗ ಒಳಗೆ ಸಿಕ್ಕದ್ದು, ತಳದ ತುಕ್ಕು ತಿಂದ ತೂತಿನಿಂದ ಹೊಕ್ಕ ಇಲಿಯೊಂದರ ಗೂಡು. ಕೂದಲು, ಹುಲ್ಲು, ಅರಿವೆ ಚೂರು. ನಾನು ಎಸೆಯಹೋದೆ. ಉಸ್ತಾದರು ಕೈ ಹಿಡಿದರು.

"ಕರಾರು ಅಂದ್ರ ಕರಾರು, ಮಾಸ್ತರ್ ಸಾಬ್."

ಗೂಡನ್ನು ಎರಡು ಪಾಲು ಮಾಡಿ, ಒಂದನ್ನು ಕಾಗದದಲ್ಲಿ ಕಟ್ಟಿ ಕೊಟ್ಟರು. ಮುಂದಿನ ವಾರ ಅದನ್ನು ತಿಳವಳ್ಳಿಗೆ ಒಯ್ದು ರೈತನ ಕೈಗೆ ಇಟ್ಟೆ. ಅವನು ಬಿಚ್ಚಿ ನೋಡಿದ. ಮೂಸಿ ನೋಡಿದ. ಅಂಗೈಯಲ್ಲಿಟ್ಟು ತೂಗಿ ನೋಡಿದ. ಆಮೇಲೆ ನನ್ನ ಮುಖ ದಿಟ್ಟಿಸಿ ಹೇಳಿದ:

"ಇದು ಅರ್ಧಾ ಅಲ್ಲ. ಕಮ್ಮಿ ಐತಿ."

ಎರಡು ಕೊಳವೆ

ಗಾಡಿಯ ಮುಂದಿನ ಗಾಲಿಯನ್ನು ಹಿಡಿಯುವ ಎರಡು ಉದ್ದನೆಯ ಕೊಳವೆಗಳು ಸೊಟ್ಟಗಾಗಿದ್ದವು. ಪುಣೆಯ ಗೆಳೆಯನಿಗೆ ಕಾಗದ ಬರೆದೆ. ಅವನು ಎಲ್ಲಿಂದಲೋ ಹುಡುಕಿ, ಗೋಣಿಯಲ್ಲಿ ಸುತ್ತಿ ರೈಲಿಗೆ ಹಾಕಿದ. ಸವಣೂರಿಗೆ ಹತ್ತಿರದ ಸ್ಟೇಷನ್ನು ಯಲವಿಗಿ. ನಾನೂ ಉಸ್ತಾದರೂ ಹೋದೆವು.

ಪಾರ್ಸೆಲ್ ಗುಮಾಸ್ತ ಗೋಣಿಯನ್ನು ಮೇಲಿಂದ ಮೇಲೆ ಮುಟ್ಟಿ ನೋಡಿದ. "ಉದ್ದ ಐತಿ. ಕಬ್ಬಣದ್ದೈತಿ. ಒಳಗ ಟೊಳ್ಳ ಐತಿ. ಇದಕ್ಕ ಬಂದೂಕು ಅಂತಾರ್ರಿ."

"ಮಾಸ್ತರ ಅದೇನಿ ನಾನು. ಗಣಿತ ಕಲಸ್ತೇನಿ."

"ಗಣಿತದ ಮಾಸ್ತರ ಮ್ಯಾಲೇ ನನಗ ಮೊದಲಿಂದನೂ ಸಂಶೇ," ಎಂದ ಅವನು, ಮತ್ತು ಸ್ಟೇಷನ್ ಮಾಸ್ತರರನ್ನು ಕರೆದ.

ಸ್ಟೇಷನ್ ಮಾಸ್ತರರು ದಪ್ಪ ಕನ್ನಡಕದ ಸಾವಕಾಶದ ಮನುಷ್ಯ. ಗೋಣಿ ಬಿಚ್ಚಿಸಿದರು. ಒಂದು ಕೊಳವೆಯನ್ನು ಗುಮಾಸ್ತನ ಕೈಯಲ್ಲಿ ಹಿಡಿಸಿ, ಒಳಗೆ ಏನು ತುಂಬಿದೆ ನೋಡೋಣವೆಂದು ಒಂದು ತುದಿಗೆ ಕಣ್ಣಿಟ್ಟರು. ಅದೇ ಹೊತ್ತಿಗೆ ಗುಮಾಸ್ತನೂ ತಡೆಯಲಾರದೆ ಇನ್ನೊಂದು ತುದಿಗೆ ಕಣ್ಣಿಟ್ಟ. ಆಮೇಲೆ ಇಬ್ಬರೂ ಒಟ್ಟಿಗೆ ಹಿಂದೆ ಹಾರಿದರು.

"ಒಳಗ ಯಾರೋ ಅದಾರ!"

ಡಾಕ್ಟರರ ಕೊಳವೆ

ಉಸ್ತಾದರು ಯಾರನ್ನೂ ನಂಬುತ್ತಿರಲಿಲ್ಲ. ನಟ್ಟು ಬಿಚ್ಚಿದರೆ ಎಣಿಸಿ ತಮ್ಮ ಜುಬ್ಬಾದ ಕಿಸೆಗೇ ಹಾಕಿಕೊಳ್ಳುತ್ತಿದ್ದರು. ನಾನು ಹತ್ತಿರ ಹೋದರೆ ಕಿಸೆಯ ಮೇಲೆ ಕೈ. ಆದರೆ ಕಿವಿ ಮಾತ್ರ ದೇವರು ಕೊಟ್ಟದ್ದು. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ, ಹಿಡಿಕೆಯನ್ನು ಕಿವಿಗೆ ಹಚ್ಚಿ, ಒಳಗಿನ ಬೇನೆ ಹೇಳುತ್ತಿದ್ದರು.

ಎದುರಿಗೇ ದವಾಖಾನೆ ಇಟ್ಟಿದ್ದ ಡಾಕ್ಟರರು ಇದನ್ನು ನೋಡಿ ಖುಷಿಯಾಗಿ, "ಉಸ್ತಾದ್, ನಮ್ಮದೂ ನಿಮ್ಮದೂ ಒಂದ ಉದ್ಯೋಗ. ಇದನ್ನ ಹಚ್ಚಿ ನೋಡ್ರಿ," ಎಂದು ತಮ್ಮ ಸ್ಟೆತಾಸ್ಕೋಪನ್ನೇ ಕೊಟ್ಟರು. ಉಸ್ತಾದರು ಇನ್ನೂ ಚಾಲೂ ಆಗದ ಎಂಜಿನ್ನನ್ನು ಕೈಯಿಂದ ತಿರುಗಿಸುತ್ತ ನಾಲ್ಕೂ ಕಡೆ ಹಚ್ಚಿ ಕೇಳಿ, "ಎಡಗಡೆ ಬೇರಿಂಗ್ ಕೆಮ್ಮತೈತಿ," ಎಂದು ತೀರ್ಪು ಕೊಟ್ಟು, ಕೊಳವೆ ಮರಳಿಸಿದರು. ಒರೆಸುವುದನ್ನು ಇಬ್ಬರೂ ಮರೆತರು.

ಮರುದಿನ ಸಂತೆಯ ವ್ಯಾಪಾರಿಯೊಬ್ಬ ನೇರ ನಮ್ಮ ಗ್ಯಾರೇಜಿಗೆ ಬಂದು ಅಂಗಿ ಬಿಚ್ಚಿದ. ಎದೆಯ ಮೇಲೆ, ಬೆನ್ನ ಮೇಲೆ ದುಂಡನೆಯ ಕಪ್ಪು ಮುದ್ರೆಗಳು.

"ನನಗ ದಮ್ಮು ಅಂತ ಎದುರಿನ ಡಾಕ್ಟರ ಕಡೆ ಹೋಗಿದ್ದೆ. ಮನಿಗೆ ಹೋದ್ರ ಹೆಂಡ್ತಿ ಮೂಸಿ ನೋಡಿ ಗ್ರೀಸ್ ಅಂದ್ಲು. ಖರೇ ಹೇಳ್ರಿ ಉಸ್ತಾದ್, ಒಳಗ ಕುಂತು ಔಷಧ ಕೊಡಾಂವ ಅವನೋ ನೀವೋ?"

ಉಸ್ತಾದರು ನಿಧಾನವಾಗಿ ಅವನ ಬೆನ್ನು ನೋಡಿ ಹೇಳಿದರು: "ನಾ ಆಗಿದ್ರ ಇಷ್ಟೊತ್ತಿಗೆ ಆಯಿಲ್ ಬದಲಿ ಮಾಡಿರ್ತಿದ್ದೆ."

ಶಿಗ್ಗಾವಿಯ ಪೊಲೀಸರು

ಎರಡು ವರ್ಷದ ದುಡಿಮೆಯ ಮೇಲೆ ಗಾಡಿ ಎದ್ದು ನಿಂತಿತು. ಕಿಕ್ಕು ಹೊಡೆದೂ ಹೊಡೆದೂ ನನ್ನ ಮೊಣಕಾಲು ಬಾತಿದ್ದರೂ, ಅದರ ಮೊದಲ ಗುಡುಗು ಕೇಳಿದಾಗ ಉಸ್ತಾದರು ಟೊಪ್ಪಿಗೆ ತೆಗೆದು ಎದೆಗೆ ಹಿಡಿದುಕೊಂಡರು. ಸವಣೂರಿನಿಂದ ಶಿಗ್ಗಾವಿ ದಾಟಿ ಹಾನಗಲ್ಲಿಗೆ ಅದನ್ನು ನಾನೇ ಹೊಡೆದುಕೊಂಡು ಹೊರಟೆ. ಮಳೆಗಾಲ.

ಶಿಗ್ಗಾವಿಯ ಹತ್ತಿರ ಪೊಲೀಸರೊಬ್ಬರು ಕೈ ಅಡ್ಡ ಹಿಡಿದರು. ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಲೈಟ್ ಎಲ್ಲೈತಿ?"

"ಇಲ್ರಿ. ಇದಕ್ಕ ಇರಂಗಿಲ್ಲ."

"ಹಾರ್ನ್?"

"ಅದೂ ಇರಂಗಿಲ್ರಿ."

"ಕನ್ನಡಿ ಇಲ್ಲ, ಸ್ಟ್ಯಾಂಡ್ ಇಲ್ಲ. ಯಾರದರ ಗಾಡಿ ಕದ್ದು, ಗುರ್ತ ಸಿಗಬಾರದಂತ ಎಲ್ಲಾ ಕಿತ್ತೊಗದೀರೇನು?"

ಕಾಗದಪತ್ರ ತೋರಿಸಿದೆ. ನೌಕರಿಯ ಗುರುತಿನ ಚೀಟಿ ತೋರಿಸಿದೆ. ಇದು ಸಾದಾ ರಸ್ತೆಯ ಗಾಡಿಯಲ್ಲ, ಪಂದ್ಯದ ಗಾಡಿ ಎಂದು ಬಿಡಿಸಿ ಹೇಳಿದೆ.

"ಹಂಗಾದ್ರ ಇದನ್ನ ಎಲ್ಲಿ ಹೊಡೀತಾರ?"

"ಕೆಸರಿನಾಗ್ರಿ. ದಿಬ್ಬದ ಮ್ಯಾಲೆ. ದೊಡ್ಡ ದೊಡ್ಡ ತಗ್ಗಿನಾಗ. ಒಟ್ಟ ರಸ್ತೆ ಅನ್ನೋದು ಇರಬಾರದು."

ಅವರು ತಿರುಗಿ ನಾನು ಹೋಗಬೇಕಾದ ದಾರಿಯನ್ನು ಒಮ್ಮೆ ಉದ್ದಕ್ಕೂ ನೋಡಿದರು. ನೀರು ತುಂಬಿದ ತಗ್ಗಿನಲ್ಲಿ ಒಂದು ಎಮ್ಮೆ ಕುತ್ತಿಗೆಯವರೆಗೆ ಮುಳುಗಿ ಮೆಲುಕು ಹಾಕುತ್ತಿತ್ತು. ಕಾಗದ ಮಡಚಿ ನನ್ನ ಕೈಗೆ ಕೊಟ್ಟರು.

"ಸರಿಯಾದ ಜಾಗಾಕ್ಕ ಬಂದೀರಿ. ಹೋಗ್ರಿ."

ಹಿರೇಕೆರೂರಿನ ಸೋದರಮಾವ

ಗಾಡಿಯನ್ನು ನಾನು ಬಾಡಿಗೆ ಮನೆಯ ಪಡಸಾಲೆಯಲ್ಲೇ ಇಟ್ಟುಕೊಂಡೆ. ಸಾಲೆ ಬಿಟ್ಟ ಮೇಲೆ ಎದುರಿಗೆ ಚಾಪೆ ಹಾಕಿ ಕೂತು ನೋಡುವುದೇ ಒಂದು ಸುಖ. ಒರೆಸುತ್ತ ಎರಡು ಮಾತೂ ಆಡುತ್ತಿದ್ದೆ. ಒಂಟಿ ಮನುಷ್ಯ, ಇನ್ಯಾರ ಜೊತೆ ಆಡಬೇಕು?

ಆ ಸುಮಾರಿಗೇ ಹಿರೇಕೆರೂರಿನ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗಿಯ ಫೋಟೋ ನೋಡಿದ್ದೆ. ಗಾಡಿಯನ್ನು ಬಿಟ್ಟರೆ ನಾನು ಅಷ್ಟು ಹೊತ್ತು ನೋಡಿದ್ದು ಅದೊಂದನ್ನೇ. ಆಕೆಯ ಸೋದರಮಾವ ಮೆಣಸಿನಕಾಯಿ ವ್ಯಾಪಾರಿ. ಚೀಲದ ತಳಕ್ಕೆ ಕೈ ಹಾಕದೆ ಮೇಲಿನ ಮಾಲನ್ನು ನಂಬಿದವರಲ್ಲ. ವರನ ತಳ ನೋಡಲು ಅವರು ಹೇಳದೆ ಕೇಳದೆ ಹಾನಗಲ್ಲಿಗೆ ಬಂದು, ಪಕ್ಕದ ಮನೆಯ ಅಜ್ಜಿಯನ್ನು ವಿಚಾರಿಸಿದರು.

"ಮಾಸ್ತರ ಭಾಳ ಛಲೋ ಮನಶಾ," ಎಂದಳಂತೆ ಅಜ್ಜಿ. ಆಮೇಲೆ ದನಿ ತಗ್ಗಿಸಿ, "ಆದ್ರ ಒಳಗ ಯಾರನ್ನೋ ಇಟ್ಕೊಂಡಾನ. ದಿನಾ ಸಂಜಿಕ ಎಣ್ಣಿ ಹಚ್ಚತಾನ, ಮಾತಾಡ್ತಾನ."

ಮಾವ ಬಂದು ನನ್ನ ಕಿಟಕಿಯ ಕೆಳಗೆ ನಿಂತರು. ನಾನು ಒಳಗೆ ಟ್ಯಾಂಕು ಒರೆಸುತ್ತ ಹೇಳುತ್ತಿದ್ದೆ: "ಎಷ್ಟ ಮಂದಿ ಕೈಯಾಗ ಹಾಳಾಗಿ ಬಂದೀಯಲ್ಲ! ಇರಲಿ, ಇನ್ನ ಮ್ಯಾಲೆ ನಿನ್ನ ಯಾರಿಗೂ ಬಿಟ್ಟುಕೊಡಂಗಿಲ್ಲ."

ಬಾಗಿಲು ಧಡಾರನೆ ತೆರೆಯಿತು. ಮಾವ ಒಳನುಗ್ಗಿ ಅಡುಗೆಮನೆ ನೋಡಿದರು, ಬಚ್ಚಲು ನೋಡಿದರು, ಮಂಚದ ಕೆಳಗೆ ಬಗ್ಗಿದರು. ಕೊನೆಗೆ ಗಾಡಿಯ ಮುಂದೆ ನಿಂತು ನನ್ನ ಕೈಯಲ್ಲಿದ್ದ ಎಣ್ಣೆ ಅರಿವೆ ನೋಡಿದರು. ಸಮಾಧಾನವಾಗುತ್ತದೆಂದು ನಾನು ತಿಳಿದೆ. ಅವರ ಮುಖ ಇನ್ನಷ್ಟು ಇಳಿಯಿತು.

"ಹೆಂಗಸಾಗಿದ್ರ ಬುದ್ಧಿ ಹೇಳಿ ಬಿಡಸಬಹುದಿತ್ತು. ಇದನ್ನ ಹ್ಯಾಂಗ ಬಿಡಸೋದು?"

ಹೋಗುವಾಗ, "ಇದು ಚಾಲೂ ಆಗತೈತೋ, ಬರೇ ಪೂಜಾಕ್ಕ ಇಟ್ಟೀರೋ?" ಎಂದು ಕೇಳಿದರು. ಒಂದೇ ಕಿಕ್ಕಿಗೆ ಆಗುತ್ತದೆಂದು ಎದೆ ತಟ್ಟಿ ಸುಳ್ಳು ಹೇಳಿದೆ. ಆದರೂ ಹೇಗೋ, ಹುಡುಗಿ ನೋಡಲು ಬರಬೇಕೆಂದು ಕರೆ ಬಂತು.

ಹಿರೇಕೆರೂರಿನ ಅವರ ಮನೆಯಲ್ಲಿ ಉಪ್ಪಿಟ್ಟು, ಚಹಾ ಆಯಿತು. ಹುಡುಗಿ ಬಂದು ಕೂತಳು. ಏನಾದರೂ ಕೇಳಮ್ಮ ಎಂದರು ಹಿರಿಯರು. ಆಕೆ ತಲೆಯೆತ್ತಿ ನನ್ನನ್ನೇ ಕೇಳಿದಳು.

"ಆ ಗಾಡಿಗೆ ಒಂದ ಸೀಟ್ ಅಂತ ಮಾಮಾ ಹೇಳಿದ್ರು. ಮದುವಿ ಆದ ಮ್ಯಾಲೆ ಅದರ ಮ್ಯಾಲೆ ಯಾರು ಕುಂದ್ರೋದು?"

ಇಡೀ ಪಡಸಾಲೆ ನನ್ನನ್ನೇ ನೋಡಿತು. "ನೀವ ಕುಂದರ್ರಿ," ಎಂದುಬಿಟ್ಟೆ.

"ಮತ್ತ ನೀವು?"

"ನಾ ಹಿಂದಿಂದ ದೂಕ್ತೇನಿ," ಎಂದು ಎರಡೂ ಕೈಯಿಂದ ಗಾಳಿಯಲ್ಲೇ ನೂಕಿ ತೋರಿಸಿದೆ.

ಮಾವ ಕುರ್ಚಿಯಿಂದ ಜಿಗಿದೆದ್ದರು. "ಕೇಳಿದ್ರ್ಯಾ? ದೂಕಬೇಕಂತ! ಒಂದ ಕಿಕ್ಕಿಗೆ ಚಾಲೂ ಆಗತೈತಿ ಅಂತ ನನಗ ಹೇಳಿದ್ದ ಮನಶಾ ಇಂವ! ನಾ ಮೊದಲ ಹೇಳಿದ್ದೆ, ಮಾಲು ಖರೇ ಇಲ್ಲ ಅಂತ!"

ನಾನು ಚಪ್ಪಲಿ ಎಲ್ಲಿ ಬಿಟ್ಟಿದ್ದೇನೆಂದು ಕಣ್ಣಲ್ಲೇ ಹುಡುಕತೊಡಗಿದೆ. ಆಗ ಹುಡುಗಿ ಸೆರಗಿನಲ್ಲಿ ನಗು ಮುಚ್ಚಿಕೊಂಡು ಹೇಳಿದಳು: "ಮಾಮಾ, ಹಿಂದ ಕುಂದರಿಸಿಕೊಂಡು ಹೋಗೋ ಗಂಡಸರು ಊರ ತುಂಬ ಅದಾರ. ದೂಕ್ತೇನಿ ಅಂದಾವರು ಇವರೊಬ್ಬರ. ಇವರ ಇರಲಿ."

ಎಲ್ಲರೂ ನಕ್ಕರು. ಮಾವ ನಗಲಿಲ್ಲ. ನನ್ನ ಹತ್ತಿರ ಬಂದು, ಮೇಲಿನಿಂದ ಕೆಳಗಿನವರೆಗೆ ನೋಡಿ, ಮೆಲ್ಲಗೆ ಕೇಳಿದರು:

"ಖರೇ ದೂಕ್ತೀರೇನು? ಹೊರಗ ನನ್ನ ಸ್ಕೂಟರ್ ಮುಂಜಾನಿಂದ ಚಾಲೂ ಆಗವಲ್ದು. ಒಮ್ಮೆ ದೂಕಿ ತೋರಸ್ರಿ, ಆಮ್ಯಾಲೆ ತಾಂಬೂಲದ ಮಾತಾಡೂಣು."